ಎರಡು ಮತಪತ್ರಗಳ ಕೋಲಾರ ಮತ್ತು ಕೆ.ಸಿ. ರೆಡ್ಡಿ

ಕೋಲಾರ ಲೋಕಸಭಾ ಕ್ಷೇತ್ರದಿಂದ 1957ರಲ್ಲಿ ಇಬ್ಬರು ಸದಸ್ಯರು ಆಯ್ಕೆಯಾದರು. ಒಬ್ಬರು ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ, ಇನ್ನೊಬ್ಬರು ದೊಡ್ಡತಿಮ್ಮಯ್ಯ. ಇಬ್ಬರೂ ಕಾಂಗ್ರೆಸ್ ಅಭ್ಯರ್ಥಿಗಳು. ಕ್ಷೇತ್ರ ಒಂದೇ, ಮತದಾರರೂ ಅವರೇ, ಚುನಾವಣೆಯೂ ಒಂದೇ. ಇಂದಿನ ಓದುಗರಲ್ಲಿ ಬಹಳಷ್ಟು ಮಂದಿಗೆ ಇದು ಅಚ್ಚಿನ ತಪ್ಪಿನಂತೆ ಕಂಡರೆ ಆಶ್ಚರ್ಯವಿಲ್ಲ. ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ ಎಂಬುದು ನಮಗೆ ಅಷ್ಟು ಸಹಜವಾಗಿಬಿಟ್ಟಿದೆ. ಆದರೆ ಗಣರಾಜ್ಯದ ಮೊದಲ ಎರಡು ಮಹಾಚುನಾವಣೆಗಳಲ್ಲಿ ದೇಶದ ಹಲವೆಡೆ ಇಬ್ಬರನ್ನು ಒಟ್ಟಿಗೆ ಆರಿಸುವ ಪದ್ಧತಿಯಿತ್ತು. ಕೆ.ಸಿ. ರೆಡ್ಡಿಯವರ ಸಾರ್ವಜನಿಕ ಜೀವನದ ಒಂದು ಮುಖ್ಯ ಘಟ್ಟ ಆ ಪದ್ಧತಿಯೊಂದಿಗೆ ಹೆಣೆದುಕೊಂಡಿದೆ. ಅವರ ಜೀವನವನ್ನು ಹೇಳುವಾಗ ಈ ಎಳೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ರೆಡ್ಡಿಯವರು ಹುಟ್ಟಿದ್ದು 1902ರ ಮೇ 4ರಂದು, ಚಿನ್ನದ ಗಣಿಗಳಿಗೆ ಸಮೀಪದ ಕ್ಯಾಸಂಬಳ್ಳಿಯಲ್ಲಿ. ಹೊಲದಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಗಣಿಯ ಕಾಲೊನಿಗಳಲ್ಲಿ ತಮಿಳು ಕೇಳಿಬರುವ ಸೀಮೆ ಅದು. ಭೂಮಿಯುಳ್ಳ ರೈತಾಪಿ ಕುಲಗಳೂ ಭೂಮಿಯಿಲ್ಲದ ದಲಿತ ಕೂಲಿಕಾರರೂ ಮಗ್ಗುಲಲ್ಲೇ ಬದುಕುವ ನಾಡೂ ಹೌದು. ಕಾನೂನು ಪದವಿ ಪಡೆದ ರೆಡ್ಡಿಯವರು 1930ರಲ್ಲಿ ಸಂಗಡಿಗರೊಂದಿಗೆ ಸೇರಿ ಪ್ರಜಾಪಕ್ಷವನ್ನು ಕಟ್ಟಿದರು. ರೈತರ ಕಷ್ಟಗಳು ಮತ್ತು ಜವಾಬ್ದಾರಿ ಸರ್ಕಾರದ ಬೇಡಿಕೆ ಆ ಪಕ್ಷದ ಬಂಡವಾಳ. ಮುಂದೆ ಅದು ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಲಿಯೊಡನೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರ ಹೊತ್ತಿಗೆ ಕಾಂಗ್ರೆಸ್ಸಿನಲ್ಲಿ ಒಂದಾಯಿತು.

ಈ ವಿಲೀನದ ಮಹತ್ವವನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಅದುವರೆಗೆ ಮೈಸೂರಿನ ಕಾಂಗ್ರೆಸ್ ಬಹುಮಟ್ಟಿಗೆ ನಗರದ ವಕೀಲರ, ಪತ್ರಕರ್ತರ ಸಂಸ್ಥೆಯಾಗಿತ್ತು. ಹಳ್ಳಿಯ ಭೂಮಾಲಿಕ ಸಮುದಾಯಗಳನ್ನು ಅದರೊಳಕ್ಕೆ ತಂದವರಲ್ಲಿ ರೆಡ್ಡಿಯವರು ಪ್ರಮುಖರು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ಅವರದೇ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು. ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದಕ್ಕೆ ದಾರಿ ಮಾಡಿದರು. ಈ ಎಲ್ಲದರ ಬಳಿಕ ಮೈಸೂರಿನಲ್ಲಿ ಕಾಂಗ್ರೆಸ್ ಜನರ ಪಕ್ಷವಾಯಿತು ಎನ್ನಬಹುದು. ಆದರೆ ಆ ಜನರಲ್ಲಿ ದಲಿತರ ಪಾಲೆಷ್ಟು ಎಂಬ ಪ್ರಶ್ನೆ ಮುಂದಿನ ಇಪ್ಪತ್ತು ವರ್ಷವೂ ಉಳಿದುಕೊಂಡಿತು.

1947ರ ಆಗಸ್ಟ್‌ನಲ್ಲಿ ಮೈಸೂರು ಭಾರತಕ್ಕೆ ಸೇರ್ಪಡೆಯಾಯಿತಾದರೂ ಅಧಿಕಾರ ಅರಮನೆಯಲ್ಲಿಯೇ ಇತ್ತು. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾದಾಗ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ರೆಡ್ಡಿಯವರು. ಬಂಧನಗಳು, ಗೋಲಿಬಾರುಗಳು, ಮಾತುಕತೆಗಳು ನಡೆದ ನಂತರ ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ಅದೇ ತಿಂಗಳ 25ರಂದು ಅವರು ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿ ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಅವರಂತಹ ಹಿರಿಯರಿದ್ದರು, ದಲಿತ ಸಮುದಾಯದ ಆರ್. ಚೆನ್ನಿಗರಾಮಯ್ಯನವರೂ ಇದ್ದರು. ದಿವಾನರ ಹುದ್ದೆ ಆಗಿನ್ನೂ ಹೋಗಿರಲಿಲ್ಲ. ಜನರ ಸರ್ಕಾರ ಮತ್ತು ಅರಮನೆಯ ದಿವಾನರು ಒಂದೇ ಆಡಳಿತದಲ್ಲಿ ಎರಡು ವರ್ಷದಷ್ಟು ಕಾಲ ಏಗಬೇಕಾಯಿತು. ಸರ್ಕಾರಿ ಕಡತಗಳೊಂದಿಗೆ ಬದುಕು ಕಳೆದ ನನ್ನಂಥವನಿಗೆ ಅದೆಂತಹ ಸೂಕ್ಷ್ಮದ ಕೆಲಸ ಎಂಬುದು ಅರ್ಥವಾಗುತ್ತದೆ. ಬೀದಿಯಲ್ಲಿ ಘೋಷಣೆ ಕೂಗಿದವರು ಮರುದಿನ ಅದೇ ಕಾರ್ಯದರ್ಶಿಗಳಿಂದ ಟಿಪ್ಪಣಿ ಬರೆಸಬೇಕಾಗಿತ್ತು. ರೆಡ್ಡಿಯವರು ಅದನ್ನು ಗದ್ದಲವಿಲ್ಲದೆ ನಿಭಾಯಿಸಿದರು.

ಗದ್ದಲವಿಲ್ಲದ್ದರಿಂದಲೇ ಅವರು ಮರೆಯಾದರೋ ಏನೋ. ಬೆಂಗಳೂರಿನ ನಗರ ಮತ್ತು ದಂಡು ಪ್ರದೇಶಗಳ ಎರಡು ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ, ಅವರ ಕಾಲದಲ್ಲಿ. ವಿಧಾನಸೌಧಕ್ಕೆ ನೆಹರೂ ಅವರಿಂದ ಅಡಿಗಲ್ಲು ಹಾಕಿಸಿದ್ದು 1951ರ ಜುಲೈ 13ರಂದು, ಆಗಲೂ ಮುಖ್ಯಮಂತ್ರಿ ಅವರೇ. ಮರುವರ್ಷ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿ ಇಂದು ನಾವು ನೋಡುವ ಭವ್ಯ ಕಟ್ಟಡವನ್ನು ಎಬ್ಬಿಸಿದರು. ಕೀರ್ತಿ ಅವರಿಗೆ ಸಂದದ್ದು ನ್ಯಾಯವೇ. ಮೊದಲಿನ ಸರಳ ನಕ್ಷೆಯೇ ಉಳಿದಿದ್ದರೆ ಖಜಾನೆಗೆ ಎಷ್ಟು ಉಳಿತಾಯವಾಗುತ್ತಿತ್ತು ಎಂದು ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಬೆಂಗಳೂರಿನವರು ಕ್ಷಮಿಸಲಿ.

ಮೊದಲ ಮಹಾಚುನಾವಣೆಯ ನಂತರ, 1952ರ ಮಾರ್ಚ್ 30ರಂದು, ರೆಡ್ಡಿಯವರು ಅಧಿಕಾರವನ್ನು ಹನುಮಂತಯ್ಯನವರಿಗೆ ಬಿಟ್ಟುಕೊಟ್ಟರು. ರಾಜ್ಯಸಭೆಯ ಮೂಲಕ ದೆಹಲಿಗೆ ಹೋಗಿ ನೆಹರೂ ಸಂಪುಟದಲ್ಲಿ ಉತ್ಪಾದನಾ ಸಚಿವರಾದರು. ಈ ಖಾತೆಯ ಹೆಸರು ಇಂದು ವಿಚಿತ್ರವೆನಿಸಬಹುದು. ಸರ್ಕಾರವೇ ಕಾರ್ಖಾನೆ ಕಟ್ಟಿ ನಡೆಸಬೇಕೆಂಬ ನಂಬಿಕೆಯ ದಿನಗಳಲ್ಲಿ ಅದು ಭಾರವಾದ ಖಾತೆ. ಸಿಂದ್ರಿಯ ಗೊಬ್ಬರ, ಪಿಂಪ್ರಿಯ ಪೆನ್ಸಿಲಿನ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಎಲ್ಲವೂ ಆ ಖಾತೆಯ ವ್ಯಾಪ್ತಿಗೆ ಸೇರಿದ್ದವು. ನಮ್ಮ ತಲೆಮಾರಿನ ಮಧ್ಯಮ ವರ್ಗದ ಎಷ್ಟು ಮನೆಗಳು ಎಚ್‌ಎಂಟಿ ಸಂಬಳದಿಂದ ಎದ್ದವು ಎಂಬುದನ್ನು ಜಾಲಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಐದು ವರ್ಷ ಅವರು ಜನರಿಂದ ನೇರವಾಗಿ ಚುನಾಯಿತರಾಗಿರಲಿಲ್ಲ. 1957ರಲ್ಲಿ ತವರಾದ ಕೋಲಾರದಿಂದ ಲೋಕಸಭೆಗೆ ನಿಂತರು. ಆ ಕ್ಷೇತ್ರದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು.

ಸಂವಿಧಾನವು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸ್ಥಾನಗಳನ್ನು ಮೀಸಲಿಟ್ಟಿತು, ಆದರೆ ಪ್ರತ್ಯೇಕ ಮತದಾರ ಪಟ್ಟಿಯನ್ನು ಒಪ್ಪಲಿಲ್ಲ. 1932ರ ಪುಣೆ ಒಪ್ಪಂದದಿಂದ ಬಂದ ದಾರಿ ಅದು. ಹಾಗಾದರೆ ಮೀಸಲು ಸ್ಥಾನವನ್ನು ಎಲ್ಲಿಡುವುದು? ಮೊದಲು ಕಂಡುಕೊಂಡ ಉತ್ತರ ಹೀಗಿತ್ತು: ಎರಡು ಕ್ಷೇತ್ರಗಳಷ್ಟು ಪ್ರದೇಶವನ್ನು ಒಂದಾಗಿಸಿ, ಇಬ್ಬರು ಸದಸ್ಯರನ್ನು ಕೊಟ್ಟು, ಅವರಲ್ಲಿ ಒಂದು ಸ್ಥಾನವನ್ನು ಮೀಸಲಿಡುವುದು. 1951–52ರಲ್ಲಿ ಲೋಕಸಭೆಯ 489 ಸ್ಥಾನಗಳು 401 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. ಅವುಗಳಲ್ಲಿ 314 ಏಕಸದಸ್ಯ, 86 ದ್ವಿಸದಸ್ಯ. ಉತ್ತರ ಬಂಗಾಳ ಒಂದಕ್ಕೆ ಮೂವರು ಸದಸ್ಯರು. ಹಳೆಯ ಮೈಸೂರಿನ 11 ಸ್ಥಾನಗಳಿಗೆ ಒಂಬತ್ತು ಕ್ಷೇತ್ರಗಳಿದ್ದವು. ಮೈಸೂರು ಮತ್ತು ಕೋಲಾರ ಎರಡೂ ದ್ವಿಸದಸ್ಯ ಕ್ಷೇತ್ರಗಳು. ವಿಧಾನಸಭೆಯ 99 ಸ್ಥಾನಗಳಲ್ಲಿಯೂ 19 ಕ್ಷೇತ್ರಗಳು ಹೀಗೆಯೇ ಇದ್ದವು.

ಮತದಾರನಿಗೆ ಎರಡು ಮತಪತ್ರ ಕೊಡುತ್ತಿದ್ದರು. ಆಗ ಮುದ್ರೆ ಒತ್ತುವ ಪದ್ಧತಿ ಬಂದಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಒಂದೊಂದು ಪೆಟ್ಟಿಗೆ. ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಎರಡು ಚೀಟಿಗಳನ್ನು ಇಬ್ಬರು ಬೇರೆ ಬೇರೆ ಅಭ್ಯರ್ಥಿಗಳಿಗೆ ಕೊಡಬೇಕು. ಒಬ್ಬರಿಗೇ ಎರಡನ್ನೂ ಹಾಕಿದರೆ ಒಂದು ಮಾತ್ರ ಲೆಕ್ಕಕ್ಕೆ, ಇನ್ನೊಂದು ಅಸಿಂಧು. ಎಣಿಕೆಯಲ್ಲಿ ಮೊದಲು ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರನ್ನು ಮೀಸಲು ಸ್ಥಾನಕ್ಕೆ ಘೋಷಿಸುತ್ತಿದ್ದರು. ಆಮೇಲೆ ಉಳಿದ ಎಲ್ಲರಲ್ಲಿ ಹೆಚ್ಚು ಮತ ಪಡೆದವರಿಗೆ ಸಾಮಾನ್ಯ ಸ್ಥಾನ. ಈ ಉಳಿದ ಎಲ್ಲರು ಎಂಬುದರಲ್ಲಿ ಇನ್ನೊಬ್ಬ ಪರಿಶಿಷ್ಟ ಅಭ್ಯರ್ಥಿಯೂ ಸೇರಬಹುದಾಗಿತ್ತು. ಅದರ ಪರಿಣಾಮ ಮುಂದೆ ಬರುತ್ತದೆ. 1957ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಚುನಾವಣೆ ಒಟ್ಟಿಗೆ ನಡೆದದ್ದರಿಂದ, ಎರಡೂ ಕಡೆ ದ್ವಿಸದಸ್ಯ ಕ್ಷೇತ್ರವಿದ್ದ ಊರಿನ ಮತದಾರನ ಕೈಗೆ ನಾಲ್ಕು ಚೀಟಿ ಬರುತ್ತಿದ್ದವು. ಅಕ್ಷರ ಬಾರದ ಕೂಲಿಕಾರ ನಾಲ್ಕು ಚೀಟಿಗಳನ್ನು ಸರಿಯಾದ ಪೆಟ್ಟಿಗೆಗಳಿಗೆ ಹಾಕಿ ಹೊರಬಂದನೆಂದರೆ ಅದು ಸಣ್ಣ ಸಂಗತಿಯಲ್ಲ.

ನಾನು ಹಾಸನ ತಾಲ್ಲೂಕಿನ ಶಾಂತಿಗ್ರಾಮದವನು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ, ಹೊಯ್ಸಳ ರಾಣಿ ಶಾಂತಲೆಯ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಊರು. 1951–52ರಲ್ಲಿ ನಮ್ಮದು ಹಾಸನ–ಚಿಕ್ಕಮಗಳೂರು ಕ್ಷೇತ್ರ, ಏಕಸದಸ್ಯ ಕ್ಷೇತ್ರ. ಎಚ್. ಸಿದ್ದನಂಜಪ್ಪನವರು ಆಗಲೂ, ನಂತರ 1957 ಮತ್ತು 1962ರಲ್ಲಿಯೂ ಗೆದ್ದರು. ನಮ್ಮ ಹಿರಿಯರಿಗೆ ಲೋಕಸಭೆಗೆ ಒಂದೇ ಚೀಟಿ. ಹಾಸನ ಲೋಕಸಭಾ ಕ್ಷೇತ್ರ ಎಂದೂ ಮೀಸಲಾಗಲಿಲ್ಲ. ಆದ್ದರಿಂದ ಹೊಳೆನರಸೀಪುರ, ಅರಕಲಗೂಡು ಕಡೆಯ ದಲಿತ ಕೇರಿಯ ಮತದಾರರು ಏಳು ದಶಕಗಳಿಂದ ಮತ ಹಾಕುತ್ತ ಬಂದಿದ್ದರೂ ತಮ್ಮವರೊಬ್ಬರನ್ನು ಹಾಸನದ ಹೆಸರಿನಲ್ಲಿ ದೆಹಲಿಗೆ ಕಳುಹಿಸಿಲ್ಲ. ಅದೇ ಕಾಲದಲ್ಲಿ ಕೋಲಾರದ ಮತದಾರ ಒಂದು ಚೀಟಿ ಇವರಿಗೆ, ಒಂದು ಚೀಟಿ ಅವರಿಗೆ ಎಂದು ಹಂಚುತ್ತಿದ್ದ. ಈ ವ್ಯತ್ಯಾಸ ನನ್ನನ್ನು ಕೋಲಾರದ ಕಥೆಯತ್ತ ಎಳೆಯಿತು.

ಕೋಲಾರದಲ್ಲಿ 1952ರಲ್ಲಿ ಗೆದ್ದವರು ಎಂ.ವಿ. ಕೃಷ್ಣಪ್ಪ ಮತ್ತು ದೊಡ್ಡತಿಮ್ಮಯ್ಯ. ಹೈನುಗಾರಿಕೆಯ ಇತಿಹಾಸದಲ್ಲಿ ಕೃಷ್ಣಪ್ಪನವರ ಹೆಸರು ದೊಡ್ಡದು. 1957ರಲ್ಲಿ ಅವರು ತುಮಕೂರಿಗೆ ಹೋದರು, ಕೋಲಾರದ ಸಾಮಾನ್ಯ ಸ್ಥಾನ ರೆಡ್ಡಿಯವರಿಗೆ ಬಂದಿತು. ದೊಡ್ಡತಿಮ್ಮಯ್ಯನವರು ಮಾತ್ರ ಕದಲಲಿಲ್ಲ. ಕೃಷ್ಣಪ್ಪನವರ ಜೊತೆಗೂ ಅವರೇ, ರೆಡ್ಡಿಯವರ ಜೊತೆಗೂ ಅವರೇ. ಕಾಂಗ್ರೆಸ್ಸಿನ ಜೋಡೆತ್ತಿನ ಗುರುತಿಗೆ ಇಲ್ಲಿ ನಿಜವಾದ ಅರ್ಥವಿತ್ತು ಎಂದು ತಮಾಷೆ ಮಾಡಬಹುದು. ಆದರೆ ನೊಗದ ಎರಡು ಬದಿಗೂ ಭಾರ ಸಮನಾಗಿತ್ತೇ?

ಹೊರನೋಟಕ್ಕೆ ಸಮ. ಸಾಮಾನ್ಯ ಸ್ಥಾನದ ಅಭ್ಯರ್ಥಿಗೆ ದಲಿತರ ಎರಡನೆಯ ಚೀಟಿ ಬೇಕು, ಮೀಸಲು ಅಭ್ಯರ್ಥಿಗೆ ಉಳಿದವರ ಎರಡನೆಯ ಚೀಟಿ ಬೇಕು. ಭೂಮಾಲಿಕ ಕುಲದ ನಾಯಕರೊಬ್ಬರು ದಲಿತ ಅಭ್ಯರ್ಥಿಯೊಡನೆ ಒಂದೇ ವೇದಿಕೆ ಹತ್ತಿ ಇಬ್ಬರಿಗೂ ಮತ ಕೇಳಬೇಕಾಗುತ್ತಿತ್ತು. ಐವತ್ತರ ದಶಕದ ಹಳ್ಳಿಯಲ್ಲಿ ಇದರ ಬೆಲೆಯನ್ನು ಕಡಿಮೆ ಅಂದಾಜು ಮಾಡಬಾರದು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ದಲಿತರು ಎಲ್ಲ ಕಡೆ ಅಲ್ಪಸಂಖ್ಯಾತರು. ಐದರಿಂದ ಏಳೂವರೆ ಲಕ್ಷ ಜನರಿಗೆ ಒಬ್ಬ ಸದಸ್ಯ ಎಂಬ ಅಂದಿನ ನಿಯಮದ ಪ್ರಕಾರ ಇಂತಹ ಜೋಡಿ ಕ್ಷೇತ್ರದಲ್ಲಿ ಹದಿನೈದು ಲಕ್ಷದವರೆಗೂ ಜನರಿರಬಹುದಾಗಿತ್ತು. ಅಷ್ಟು ವಿಸ್ತಾರದಲ್ಲಿ ಜೀಪು, ಕಾರ್ಯಕರ್ತರು, ಹಣ ಇಲ್ಲದ ದಲಿತ ಅಭ್ಯರ್ಥಿ ಜೋಡಿಯ ಬಲಾಢ್ಯರನ್ನು ನೆಚ್ಚಲೇಬೇಕು. ಮೀಸಲು ಸ್ಥಾನದಲ್ಲಿ ಯಾವ ದಲಿತ ಗೆಲ್ಲಬೇಕೆಂಬುದನ್ನು ದಲಿತೇತರರ ಚೀಟಿಗಳೇ ತೀರ್ಮಾನಿಸುತ್ತಿದ್ದವು. 1952ರಲ್ಲಿ ಡಾ. ಅಂಬೇಡ್ಕರ್ ಅವರು ಬೊಂಬಾಯಿ ಉತ್ತರದ ದ್ವಿಸದಸ್ಯ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಕಾಜರೋಳ್ಕರ್ ಎದುರು ಸೋತದ್ದು ಇದೇ ಯಂತ್ರದಲ್ಲಿ ಸಿಕ್ಕಿ. ಅಸಿಂಧುವಾದ ಮತಗಳ ವಿಷಯವನ್ನು ಅವರು ಚುನಾವಣಾ ತಕರಾರು ಅರ್ಜಿಯಲ್ಲಿ ಎತ್ತಿದ್ದರು.

ಆದರೂ ಈ ಯಂತ್ರ ಎಲ್ಲ ಕಡೆ ಒಂದೇ ಫಲ ಕೊಡಲಿಲ್ಲ. ಅದೇ 1952ರಲ್ಲಿ ಮೈಸೂರು ಕ್ಷೇತ್ರದ ಮೀಸಲು ಸ್ಥಾನ ಕಾಂಗ್ರೆಸ್ಸಿನ ಎನ್. ರಾಚಯ್ಯನವರಿಗೆ ಹೋದರೆ, ಸಾಮಾನ್ಯ ಸ್ಥಾನ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರ ಪಾಲಾಯಿತು. ಮತದಾರ ತನ್ನ ಎರಡು ಚೀಟಿಗಳನ್ನು ಎರಡು ಪಕ್ಷಗಳಿಗೆ ಹಂಚಬಲ್ಲವನಾಗಿದ್ದ. ರೆಡ್ಡಿಯವರ ಊರಿನ ಪಕ್ಕದ ಚಿನ್ನದ ಗಣಿಯಲ್ಲಿ ಇನ್ನೂ ಸ್ವಾರಸ್ಯದ ಫಲಿತಾಂಶ. ವಿಧಾನಸಭೆಗೆ ಕೆಜಿಎಫ್ ಕ್ಷೇತ್ರದ ಎರಡೂ ಸ್ಥಾನಗಳು ಕಾಂಗ್ರೆಸ್ ಕೈಬಿಟ್ಟವು: ಪರಿಶಿಷ್ಟ ಜಾತಿಗಳ ಒಕ್ಕೂಟದ ಪಿ.ಎಂ. ಸ್ವಾಮಿದೊರೈ ಒಂದು, ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಇನ್ನೊಂದು. ಒಂದೆಡೆ ನೆಲೆಸಿ ಸಂಘಟಿತರಾಗಿದ್ದ ದಲಿತ ಕಾರ್ಮಿಕರು ಯಾರ ಜೋಡಿಯನ್ನೂ ನೆಚ್ಚಬೇಕಾಗಿರಲಿಲ್ಲ. ಹೊಲದ ಕೂಲಿಗೂ ಗಣಿಯ ಕೂಲಿಗೂ ಇದ್ದ ಅಂತರ ಮತಪೆಟ್ಟಿಗೆಯಲ್ಲಿಯೇ ಕಾಣಿಸಿತು.

1957ರ ಗೆಲುವಿನ ನಂತರ ರೆಡ್ಡಿಯವರು ಕಾಮಗಾರಿ, ವಸತಿ ಮತ್ತು ಸರಬರಾಜು ಸಚಿವರಾದರು. 1961ರಿಂದ 1963ರವರೆಗೆ ವಾಣಿಜ್ಯ ಮತ್ತು ಕೈಗಾರಿಕಾ ಖಾತೆ ಅವರಲ್ಲಿತ್ತು. ಅವರ ಜೊತೆಗೆ ಅದೇ ಜನರಿಂದ ಆಯ್ಕೆಯಾಗಿ, ಅದೇ ಸದನದಲ್ಲಿ ಕುಳಿತ ದೊಡ್ಡತಿಮ್ಮಯ್ಯನವರು ಸದಸ್ಯರಾಗಿಯೇ ಉಳಿದರು. ಕೋಲಾರವನ್ನು ಸತತವಾಗಿ ಮೂರು ಅವಧಿಗೆ ಪ್ರತಿನಿಧಿಸಿದವರು ದೊಡ್ಡತಿಮ್ಮಯ್ಯ. ರೆಡ್ಡಿಯವರು ಪ್ರತಿನಿಧಿಸಿದ್ದು ಒಂದು ಅವಧಿಗೆ. ಜೀವನಚರಿತ್ರೆಗಳು, ಪ್ರತಿಮೆಗಳು, ಬಡಾವಣೆಗಳ ಹೆಸರುಗಳು ಯಾರ ಪಾಲಿಗೆ ಬಂದವೆಂಬುದನ್ನು ಓದುಗರು ಬಲ್ಲರು. ಇದರಲ್ಲಿ ರೆಡ್ಡಿಯವರ ತಪ್ಪೇನೂ ಇಲ್ಲ. ಆದರೆ ಜೋಡಿ ಸ್ಥಾನದಲ್ಲಿ ಒಬ್ಬರು ನಾಯಕರು, ಇನ್ನೊಬ್ಬರು ಜೊತೆಗಾರರು ಎಂಬ ಭಾವನೆ ಅಂದಿನ ರಾಜಕಾರಣದ ಒಳಗೇ ಇತ್ತೆಂಬುದನ್ನು ಅಲ್ಲಗಳೆಯಲಾಗದು.

ಪದ್ಧತಿಯ ಅಂತ್ಯಕ್ಕೆ ಕಾರಣವಾದದ್ದು ಮಾತ್ರ ದಲಿತರ ದೂರಲ್ಲ. ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದಲ್ಲಿ 1957ರಲ್ಲಿ, ಕೇಂದ್ರದ ಮಾಜಿ ಕಾರ್ಮಿಕ ಸಚಿವ ವಿ.ವಿ. ಗಿರಿಯವರು ಆರು ನೂರಕ್ಕೂ ಕಡಿಮೆ ಮತಗಳಿಂದ ಸೋತರು. ಪರಿಶಿಷ್ಟ ಪಂಗಡದ ಒಬ್ಬರು ಮೀಸಲು ಸ್ಥಾನ ಪಡೆದರು. ಅದೇ ವರ್ಗದ ಡಿಪ್ಪಲ ಸೂರಿದೊರ ಸಾಮಾನ್ಯ ಸ್ಥಾನವನ್ನೂ ಗೆದ್ದರು. ಗಿರಿಯವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟ್ 1959ರಲ್ಲಿ ಅವರ ವಾದವನ್ನು ತಳ್ಳಿಹಾಕಿ, ಸಾಮಾನ್ಯ ಸ್ಥಾನ ಎಂದರೆ ಎಲ್ಲರಿಗೂ ತೆರೆದ ಸ್ಥಾನ ಎಂಬ ನಿಲುವನ್ನು ಎತ್ತಿಹಿಡಿಯಿತು. ಎರಡು ವರ್ಷದಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳ ರದ್ದತಿ ಕಾಯಿದೆಯನ್ನು ಮಾಡಿತು. ಕ್ಷೇತ್ರಗಳು ತೀರಾ ದೊಡ್ಡವು, ವೆಚ್ಚ ಹೆಚ್ಚು, ಸದಸ್ಯರಿಗೆ ಜನರ ಸಂಪರ್ಕ ಕಷ್ಟ ಎಂಬ ಕಾರಣಗಳನ್ನು ಕೊಡಲಾಯಿತು. ಅವೆಲ್ಲ ನಿಜ. ಆದರೆ ಒಂದೇ ಕ್ಷೇತ್ರದ ಎರಡೂ ಸ್ಥಾನಗಳು ಪರಿಶಿಷ್ಟರಿಗೇ ಹೋಗಬಹುದೆಂಬ ಸಾಧ್ಯತೆ ಕಣ್ಣಿಗೆ ಕಾಣುವವರೆಗೆ ಈ ಕಷ್ಟಗಳು ಯಾರನ್ನೂ ಅಷ್ಟು ಕಾಡಿರಲಿಲ್ಲ ಎಂಬುದು ನನ್ನ ಅನಿಸಿಕೆ.

1961ರ ಕಾಯಿದೆಯಂತೆ ಜೋಡಿ ಕ್ಷೇತ್ರಗಳನ್ನು ಒಡೆದು ಒಂದು ತುಂಡನ್ನು ಮೀಸಲಿಟ್ಟರು. ಕೋಲಾರ ಮೀಸಲಾಯಿತು. 1962ರಲ್ಲಿ ಅಲ್ಲಿಂದ ಗೆದ್ದವರು ದೊಡ್ಡತಿಮ್ಮಯ್ಯ, ಈ ಬಾರಿ ಜೊತೆಗಾರರಿಲ್ಲದೆ. ರೆಡ್ಡಿಯವರಿಗೆ ತವರು ಕ್ಷೇತ್ರದ ಬಾಗಿಲು ಮುಚ್ಚಿತು. ಮೈಸೂರು ಕ್ಷೇತ್ರ ಒಡೆದಾಗ ಚಾಮರಾಜನಗರ ಮೀಸಲಾಗಿ, 1957ರಲ್ಲಿ ಮೈಸೂರಿನ ಜೋಡಿಯಲ್ಲಿದ್ದ ಎಸ್.ಎಂ. ಸಿದ್ದಯ್ಯನವರು ಅಲ್ಲಿಗೆ ಹೋದರು. 1957ರಲ್ಲಿ ಇಬ್ಬರು ಸದಸ್ಯರಿದ್ದ ಗುಲ್ಬರ್ಗ ಸಾಮಾನ್ಯ ಕ್ಷೇತ್ರವಾಗಿ ಉಳಿದು, 2008ರ ಪುನರ್ವಿಂಗಡಣೆಯಲ್ಲಿ ಮತ್ತೆ ಮೀಸಲು ಪಟ್ಟಿಗೆ ಬಂದಿತು. ಕೋಲಾರ ಮಾತ್ರ 1962ರಿಂದ 2024ರ ಚುನಾವಣೆಯವರೆಗೂ ಬದಲಾಗಲಿಲ್ಲ. ಮೀಸಲು ಸ್ಥಾನ ಶಾಶ್ವತವಾಗಿ ಒಂದೇ ಕಡೆ ನಿಂತಾಗ ಉಳಿದವರಲ್ಲಿ ಅಸಮಾಧಾನ ಹುಟ್ಟುತ್ತದೆ. ಇನ್ನೊಂದು ಬದಿಯಲ್ಲಿ ಹಾಸನದಂತಹ ಕಡೆಯ ದಲಿತರಿಗೆ ಸರದಿ ಬರುವುದೇ ಇಲ್ಲ. ಮಹಿಳಾ ಮೀಸಲಾತಿಯ ಚರ್ಚೆಯಲ್ಲಿ ದ್ವಿಸದಸ್ಯ ಕ್ಷೇತ್ರಗಳ ಸಲಹೆ ಹಲವು ಬಾರಿ ತಲೆಯೆತ್ತಿತು. 2023ರ ಸಂವಿಧಾನ ತಿದ್ದುಪಡಿ ಆ ದಾರಿಯನ್ನು ಹಿಡಿಯದೆ, ಸರದಿಯ ಪದ್ಧತಿಯನ್ನು ಮುಂದಿನ ಪುನರ್ವಿಂಗಡಣೆಗೆ ಗಂಟುಹಾಕಿತು. ಹಳೆಯ ಪ್ರಯೋಗವನ್ನು ಮತ್ತೆ ತರಬೇಕೆನ್ನುವವರು ಕೋಲಾರದ ಜೋಡಿಯನ್ನೊಮ್ಮೆ ನೋಡುವುದು ಒಳ್ಳೆಯದು. ಜೊತೆಗಾರರಾಗಿ ಉಳಿಯುವವರು ಈ ಸಲ ಮಹಿಳೆಯರಾದಾರು.

1965ರ ಫೆಬ್ರವರಿಯಲ್ಲಿ ರೆಡ್ಡಿಯವರು ಮಧ್ಯಪ್ರದೇಶದ ರಾಜ್ಯಪಾಲರಾಗಿ ಭೋಪಾಲಕ್ಕೆ ಹೋದರು. ದ್ವಿಸದಸ್ಯ ಪದ್ಧತಿಯಿಂದ ಪೆಟ್ಟು ತಿಂದ ವಿ.ವಿ. ಗಿರಿಯವರು ಅದೇ ವರ್ಷ ಮೈಸೂರಿನ ರಾಜ್ಯಪಾಲರಾಗಿ ಬೆಂಗಳೂರಿಗೆ ಬಂದರು. ಭೋಪಾಲದ ಆರು ವರ್ಷ ಸುಖದ್ದಾಗಿರಲಿಲ್ಲ. 1967ರ ಜುಲೈನಲ್ಲಿ ಗೋವಿಂದ ನಾರಾಯಣ ಸಿಂಗ್ ನೇತೃತ್ವದಲ್ಲಿ ಕಾಂಗ್ರೆಸ್ ಶಾಸಕರು ಪಕ್ಷ ಬಿಟ್ಟಾಗ, ಮುಖ್ಯಮಂತ್ರಿ ಡಿ.ಪಿ. ಮಿಶ್ರಾ ಅವರ ಸಲಹೆಯಂತೆ ರೆಡ್ಡಿಯವರು ವಿಧಾನಸಭೆಯ ಅಧಿವೇಶನವನ್ನು ಕೊನೆಗೊಳಿಸಿದರು. ಸಂವಿಧಾನದ ಅಕ್ಷರಕ್ಕೆ ಅದು ಸರಿ. ಸದನದಲ್ಲಿ ಬಹುಮತ ಕರಗುತ್ತಿರುವಾಗ ಸದನವನ್ನೇ ಮುಚ್ಚುವುದು ಸರಿಯೆಂದು ನನಗೆ ತೋರುವುದಿಲ್ಲ. ಅರಮನೆಯಿಂದ ಜವಾಬ್ದಾರಿ ಸರ್ಕಾರವನ್ನು ಕೇಳಿ ಪಡೆದವರ ಕೈಯಿಂದ ಅದಾಯಿತೆಂಬುದು ಇನ್ನಷ್ಟು ನೋವಿನ ಮಾತು. ಸರ್ಕಾರ ಆ ತಿಂಗಳೇ ಉರುಳಿತು. 1969ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಮೊದಲ ಆದಿವಾಸಿ ಮುಖ್ಯಮಂತ್ರಿ ರಾಜಾ ನರೇಶಚಂದ್ರ ಸಿಂಗ್ ಅಧಿಕಾರ ವಹಿಸಿಕೊಂಡಾಗಲೂ ರಾಜ್ಯಪಾಲರು ರೆಡ್ಡಿಯವರೇ. ಆ ಸರ್ಕಾರ ಎರಡು ವಾರವೂ ಬಾಳಲಿಲ್ಲ.

1971ರ ಮಾರ್ಚ್‌ನಲ್ಲಿ ಅವರು ಹುದ್ದೆಯಿಂದ ಬಿಡುಗಡೆ ಹೊಂದಿದರು. 1976ರ ಫೆಬ್ರವರಿ 27ರಂದು ತೀರಿಕೊಂಡರು. ಆಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಅದೇ ತಿಂಗಳು ಲೋಕಸಭೆ ತನ್ನ ಅವಧಿಯನ್ನು ಒಂದು ವರ್ಷ ವಿಸ್ತರಿಸಿಕೊಂಡಿತ್ತು. ಕೋಲಾರದ ಮತದಾರರು ಮತ್ತೆ ಮತಗಟ್ಟೆಗೆ ಹೋದದ್ದು 1977ರ ಮಾರ್ಚ್‌ನಲ್ಲಿ.